ಏಳು ಗಂಟಿನ ಹುರಿ

"ಗುರುಗಳೇ, ನನ್ನಂಥವನಿಗೆ ತಕ್ಕ ವ್ರತ ಯಾವುದು?" ಎಂದು ಶೇಷಾದ್ರಿ ಕೇಳಿದ.

ಕೇಳಿದ ರೀತಿಯಲ್ಲೇ ಅವನಿಗೆ ಬೇಕಾದ ಉತ್ತರವೂ ಇತ್ತು. 'ನನ್ನಂಥವನಿಗೆ' ಎಂಬುದನ್ನು ಅವನು ತುಸು ಒತ್ತಿ ಹೇಳಿದ್ದ. ಜಪಮಾಲೆಯ ನೂರೆಂಟು ಮಣಿ ಉರುಳಿದರೆ ಒಂದು ಸುತ್ತು. ಆಶ್ರಮದಲ್ಲಿ ಉಳಿದವರು ದಿನಕ್ಕೆ ಹತ್ತು ಸುತ್ತು ಜಪ ಮಾಡಿದರೆ ಅವನು ಮೂವತ್ತು ಸುತ್ತು ಮಾಡುತ್ತಿದ್ದ. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಬರುವ ಹುಣ್ಣಿಮೆಯಿಂದ ದಿನಕ್ಕೆ ಅರವತ್ತು ಸುತ್ತಿನಂತೆ ನಲವತ್ತೆಂಟು ದಿನ ಮಾಡಬೇಕೆಂಬುದು ಅವನ ಆಸೆ. ಅದನ್ನು ಮಾಡಿ ಮುಗಿಸಿದವರು ಆ ಆಶ್ರಮದಲ್ಲಿ ಯಾರೂ ಇರಲಿಲ್ಲ. ತಾನು ಮಾಡುತ್ತೇನೆಂದು ಅವನು ಆಗಲೇ ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟಿದ್ದ. ಗುರುವಿನ ಅಪ್ಪಣೆಯೊಂದು ಉಳಿದಿತ್ತು.

ಗುರು ಕೆಂಚಪ್ಪನವರು ಬೆಸ್ತರ ಮನೆಯಲ್ಲಿ ಹುಟ್ಟಿದವರು. ಆಶ್ರಮ ಕಟ್ಟುವ ಮೊದಲು ಇಪ್ಪತ್ತು ವರ್ಷ ಹೊಳೆಯಲ್ಲಿ ಗಾಳ ಹಾಕಿದ್ದರು. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ.

"ಕೂತುಕೋ, ಹುರಿಯ ಕತೆಯೊಂದನ್ನು ಹೇಳುತ್ತೇನೆ" ಎಂದರು ಗುರುಗಳು. "ಮೀನು ಹಿಡಿಯುವವರ ಕತೆ. ನಿಮ್ಮ ಮನೆಯಲ್ಲಿ ಮೀನಿನ ಹೆಸರನ್ನೂ ಎತ್ತುವುದಿಲ್ಲವೆಂದು ನನಗೆ ಗೊತ್ತು. ಕತೆಗೆ ವಾಸನೆಯಿಲ್ಲ, ಧೈರ್ಯವಾಗಿ ಕೇಳು."

ಶೇಷಾದ್ರಿ ಕೂತ. ಗುರುಗಳು ಹೇಳತೊಡಗಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಗಾಳಗಾರನಿದ್ದ. ಅವನು ಎರೆಹುಳು ಚುಚ್ಚಿ ಮೀನು ಹಿಡಿಯುವವನಲ್ಲ, ಗರಿಗಾಳದವನು. ಸಣ್ಣ ಕೊಕ್ಕೆಗೆ ಹಕ್ಕಿಯ ಗರಿ ಸುತ್ತಿ, ನೊಣದಂತೆ ಕಾಣುವ ಹಾಗೆ ಮಾಡಿ, ನೀರಿನ ಮೇಲೆ ಇಳಿಸುವುದಕ್ಕೆ ಗರಿಗಾಳವೆನ್ನುತ್ತಾರೆ. ಮೀನು ಅದನ್ನು ನೊಣವೆಂದು ನಂಬಿ ಬಾಯಿ ಹಾಕುತ್ತದೆ.

ಹೇಳಿದಷ್ಟು ಸುಲಭವಲ್ಲ ಅದು. ಎರೆಹುಳುವಿನ ಗಾಳಕ್ಕೆ ಸೀಸದ ಗುಂಡು ಕಟ್ಟಿ ಕಲ್ಲೆಸೆದಂತೆ ಎಸೆಯಬಹುದು. ಗುಂಡು ಮುಂದೆ ಹೋಗುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಗರಿಗೆ ತೂಕವೇ ಇಲ್ಲ. ಎಷ್ಟು ಬಲವಾಗಿ ಎಸೆದರೂ ನಿನ್ನ ಕಾಲ ಬುಡದಲ್ಲೇ ಬೀಳುತ್ತದೆ. ಆದ್ದರಿಂದ ಗರಿಗಾಳದವನು ಎಸೆಯುವುದು ಗರಿಯನ್ನಲ್ಲ, ಹುರಿಯನ್ನು. ರೇಷ್ಮೆ ಹೊಸೆದು ಮಾಡಿದ ಹುರಿ. ಅದರ ಭಾರಕ್ಕೆ ಬಿದಿರಿನ ಕೋಲು ಬಾಗಬೇಕು. ಬಾಗಿದ ಕೋಲು ನೆಟ್ಟಗಾಗುವಾಗ ಹುರಿ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಮುಂದೆ ಹೋಗಬೇಕು. ಕೊನೆಯಲ್ಲಿ ಗರಿ ಸದ್ದಿಲ್ಲದೆ ನೀರಿಗಿಳಿಯಬೇಕು. ಹುರಿ ಹಗುರವಾದರೆ ಕೋಲು ಬಾಗುವುದೇ ಇಲ್ಲ. ಭಾರವಾದರೆ ಬಾಗಿದ ಕೋಲು ಹೊತ್ತಿಗೆ ಸರಿಯಾಗಿ ಏಳುವುದಿಲ್ಲ. ಹುರಿ ಚಟೀರೆಂದು ನೀರಿಗೆ ಬೀಳುತ್ತದೆ, ಮಡುವಿನ ಮೀನೆಲ್ಲ ಊರು ಬಿಡುತ್ತದೆ.

ಹೊಸಬರು ಹುರಿ ಕೊಳ್ಳಲು ಬಂದರೆ ಮೊದಲು ಕೇಳುವ ಮಾತು, "ಇದು ಎಷ್ಟು ದೊಡ್ಡ ಮೀನನ್ನು ತಡೆಯುತ್ತದೆ?" ಎಂಬುದು. ಹಳಬರು ಅದನ್ನು ಕೇಳಿ ನಗುತ್ತಾರೆ. ಹುರಿಯನ್ನು ಆರಿಸುವುದು ಮೀನನ್ನು ನೋಡಿಯಲ್ಲ. ಕೋಲನ್ನು ನೋಡಿ, ಆ ಕೋಲನ್ನು ಹಿಡಿದ ಕೈಯನ್ನು ನೋಡಿ.

ಆ ಹೊಳೆಯ ದಡದಲ್ಲಿ ಒಬ್ಬ ಹುರಿಗಾರನೂ ಇದ್ದ. ಅವನು ಹುರಿ ಹೊಸೆದು, ಅಗಸೆ ಎಣ್ಣೆಯಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಜೇನುಮೇಣ ತಿಕ್ಕಿ ಕೊಡುತ್ತಿದ್ದ. ಹೊಸೆದ ಮೇಲೆ ಪ್ರತಿಯೊಂದು ಹುರಿಯ ಮೊದಲ ಐದು ಮಾರನ್ನು ತಕ್ಕಡಿಯಲ್ಲಿಟ್ಟು ಗುಲಗಂಜಿ ಹಾಕಿ ತೂಗುತ್ತಿದ್ದ. ಹದಿನಾಲ್ಕು ಗುಲಗಂಜಿ ತೂಗಿದರೆ ಹುರಿಯ ಬಾಲಕ್ಕೆ ಕೆಂಪು ರೇಷ್ಮೆಯ ಒಂದು ಗಂಟು. ಇಪ್ಪತ್ತೆಂಟಕ್ಕೆ ಎರಡು ಗಂಟು. ಹಾಗೆಯೇ ಮೇಲಕ್ಕೆ. ಗಂಟು ನೋಡಿದರೆ ಹುರಿಯ ಭಾರ ತಿಳಿಯುತ್ತಿತ್ತು. ಅವನು ಕಟ್ಟಿದ ಗಂಟನ್ನು ಮತ್ತೆ ತೂಗಿ ನೋಡಿದವರು ಆ ಹೊಳೆಯ ಉದ್ದಕ್ಕೂ ಯಾರೂ ಇಲ್ಲ. ಅಂಥ ನಂಬಿಕೆ.

ನಾಲ್ಕು ಗಂಟಿನ ಹುರಿಯನ್ನು ಯಾರು ಬೇಕಾದರೂ ಎಸೆಯುತ್ತಾರೆ. ಐದಕ್ಕೆ ಕೈ ಪಳಗಿರಬೇಕು. ಆರನ್ನು ಎಸೆಯುವವರು ಬೆರಳೆಣಿಕೆಯಷ್ಟು. ಏಳು ಗಂಟಿನ ಹುರಿ ಎಸೆಯುವವನು ಆ ಹೊಳೆಯಲ್ಲಿ ಒಬ್ಬನೇ. ನಾನು ಹೇಳಿದೆನಲ್ಲ, ಆ ಗಾಳಗಾರ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಜನ ಅದನ್ನು ಮರೆತಿದ್ದರು. ಏಳುಗಂಟಿನವರು ಎಂದೇ ಕರೆಯುತ್ತಿದ್ದರು. ಏಳುಗಂಟಿನವರು ಬಂದರು, ದಾರಿ ಬಿಡಿ. ಏಳುಗಂಟಿನವರ ಮಗಳ ಮದುವೆ, ಹೋಗಿ ಬರಬೇಕು. ಅವನು ತಾನಾಗಿ ಎಂದೂ ಹೇಳಿಕೊಳ್ಳುತ್ತಿರಲಿಲ್ಲ. ಹುರಿಯ ಸುರುಳಿಯನ್ನು ಹೆಗಲಿಗೆ ಹಾಕಿ, ಬಾಲವನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡು ನಡೆಯುತ್ತಿದ್ದ. ಏಳು ಕೆಂಪು ಗಂಟುಗಳು ತಾವೇ ಮಾತಾಡುತ್ತಿದ್ದವು.

ನೀನು ಮೂಗು ಮುರಿಯಬೇಡ, ಶೇಷಾದ್ರಿ. ಅವನ ಹೆಮ್ಮೆ ಪುಕ್ಕಟೆ ಬಂದದ್ದಲ್ಲ. ಇಪ್ಪತ್ತು ವರ್ಷದವನಿದ್ದಾಗಿನಿಂದ ಹುಲ್ಲುಗಾವಲಿನಲ್ಲಿ ನಿಂತು ದಿನಕ್ಕೆ ಐನೂರು ಸಲ ಎಸೆದು ಗಳಿಸಿದ್ದು. ಅಂಗೈಯ ಚರ್ಮ ಎಷ್ಟು ಸಲ ಕಿತ್ತು ಬಂದಿತ್ತೋ ಅವನಿಗೇ ಲೆಕ್ಕವಿಲ್ಲ. ಹಾಗೆ ದುಡಿದವನು ಎದೆಯುಬ್ಬಿಸಿ ನಡೆದರೆ ನನಗೆ ಸಂತೋಷವೇ.

ಆ ಹೊಳೆಯವರಲ್ಲಿ ಒಂದು ಪದ್ಧತಿ ಇತ್ತು. ಮಳೆಗಾಲ ಮುಗಿದು, ಹೊಳೆಯ ಕೆಂಪು ಇಳಿದು, ನೀರು ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಎಲ್ಲರೂ ದೊಡ್ಡ ಮಡುವಿನ ಹತ್ತಿರ ಸೇರುತ್ತಾರೆ. ದಡದ ಹೊಳೆಮತ್ತಿ ಮರದ ಕೊಂಬೆಗೆ ತಮ್ಮ ತಮ್ಮ ಹುರಿಯ ಬಾಲವನ್ನು ತೂಗುಹಾಕುತ್ತಾರೆ. ಯಾರ ಹುರಿಯಲ್ಲಿ ಹೆಚ್ಚು ಗಂಟೋ ಅವರದು ಮೊದಲ ಎಸೆತ. ನಾಲ್ಕು ತಿಂಗಳು ಯಾರೂ ಗಾಳ ಹಾಕದ ಮಡು. ಮೊದಲ ಗರಿ ಬಿದ್ದಾಗ ಮೀನಿಗೆ ಅನುಮಾನವಿರುವುದಿಲ್ಲ. ಆ ಮೊದಲ ಎಸೆತ ಮೂವತ್ತು ವರ್ಷದಿಂದ ಅವನದೇ ಆಗಿತ್ತು.

ಅವನಿಗೆ ಐವತ್ತೆಂಟು ತುಂಬಿದ ವರ್ಷ ಬಲಗೈ ಯಾಕೋ ಸೋಲುತ್ತಿದೆ ಎನ್ನಿಸಿತು. ಹಿಂದಕ್ಕೆ ಎಸೆದ ಹುರಿ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಕುಸಿಯುತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ರೇಷ್ಮೆಯ ಹುರಿ ವರ್ಷಕ್ಕೊಮ್ಮೆ ಜೀರ್ಣವಾಗುತ್ತದೆ, ಹೊಸದು ಬೇಕು. ಮುಂದಿನ ವರ್ಷ ಹುರಿಗಾರನ ಹತ್ತಿರ ಹೋಗಿ ಎಂದಿನಂತೆ ಏಳು ಗಂಟಿನದನ್ನು ತಂದ. ಎಸೆದು ನೋಡಿದರೆ ಹುರಿ ಹಾರಿತು! ಹತ್ತು ವರ್ಷದ ಹಿಂದೆ ಹಾರಿದಂತೆ ಹಾರಿತು. ಅವನ ಸಂತೋಷ ಕೇಳಬೇಡ. ದಾರಿಯಲ್ಲಿ ಸಿಕ್ಕವರಿಗೆಲ್ಲ, "ವಯಸ್ಸು ನನ್ನ ಹತ್ರ ಬಂದು ವಾಪಸ್ ಹೋಯ್ತು ಕಣಯ್ಯ" ಎಂದು ಹೇಳಿ ಮೀಸೆ ತಿರುವಿದ. ಹುರಿಗಾರನಿಗೂ ಹೇಳಿದ. ಹುರಿಗಾರ, "ಈ ಸಲದ ರೇಷ್ಮೆ ಚೆನ್ನಾಗಿ ಬಂದಿತ್ತು" ಎಂದು ಎಲೆಅಡಿಕೆಯ ತಟ್ಟೆ ಮುಂದಕ್ಕೆ ತಳ್ಳಿದ. ಇಬ್ಬರೂ ಚಿಕ್ಕಂದಿನಿಂದ ಗೆಳೆಯರು.

ಹೀಗೆ ಆರು ವರ್ಷ ಕಳೆಯಿತು. ಆರು ಸಲವೂ ಮೊದಲ ಎಸೆತ ಅವನದೇ. ಏಳನೆಯ ವರ್ಷದ ಬೇಸಿಗೆಯಲ್ಲಿ ಹುರಿಗಾರ ತೀರಿಕೊಂಡ. ಗಾಳಗಾರ ಹೆಣಕ್ಕೆ ಹೆಗಲು ಕೊಟ್ಟ. ಹುರಿಗಾರನಿಗೆ ಗಂಡುಮಕ್ಕಳಿರಲಿಲ್ಲ. ಮಗಳಿದ್ದಳು. ಹತ್ತು ವರ್ಷದವಳಿದ್ದಾಗಿನಿಂದ ಅಪ್ಪನ ಜೊತೆ ಹೊಸೆದವಳು. ಅಪ್ಪನ ತಕ್ಕಡಿ, ಅಪ್ಪನ ಗುಲಗಂಜಿ, ಅಪ್ಪನ ಗೂಟಗಳು ಅವಳ ಕೈಗೆ ಬಂದವು. ಕೆಲಸದಲ್ಲಿ ಅವಳು ಅಪ್ಪನಿಗಿಂತ ಒಂದು ಕೈ ಮೇಲೆ ಎಂದು ತಿಳಿದವರು ಹೇಳುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಹೆಮ್ಮೆ ಗಾಳಗಾರನೊಬ್ಬನ ಸೊತ್ತಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಳಗಾರ ಅವಳ ಅಂಗಳಕ್ಕೆ ಬಂದ. ಕೋಲು ಕೈಯಲ್ಲಿತ್ತು. ಹಳೆಯ ಹುರಿ ಎಂದಿನಂತೆ ಹೆಗಲ ಮೇಲಿತ್ತು.

"ಏಳು ಗಂಟಿಂದು ಒಂದು ಕೊಡವ್ವ" ಎಂದ.

"ಕೊಡ್ತೀನಿ ದೊಡ್ಡಪ್ಪ. ಒಂದ್ಸಲ ಎಸ್ದು ತೋರ್ಸಿ" ಎಂದಳು ಅವಳು.

ಅದು ಆ ಮನೆಯ ಕಟ್ಟಳೆ. ಕೈ ನೋಡದೆ ಹುರಿ ಕೊಡುವಂತಿಲ್ಲ. ರಾಜನ ಮಗನೇ ಬಂದರೂ ಅಂಗಳದ ಹುಲ್ಲಿನ ಮೇಲೆ ನಿಂತು ಎಸೆದು ತೋರಿಸಬೇಕು. ಆದರೆ ಗಾಳಗಾರನಿಗೆ ಹುರಿಗಾರ ಆ ಮಾತು ಹೇಳಿದ್ದು ಮೊದಲ ವರ್ಷ ಮಾತ್ರ. ಆಮೇಲೆ ಅವನು ಬಂದು ನಿಂತರೆ ಸಾಕಾಗುತ್ತಿತ್ತು. ಈಗ ತನ್ನ ಕಣ್ಣೆದುರು ಬೆಳೆದ ಹುಡುಗಿ ಎಸೆದು ತೋರಿಸು ಎನ್ನುತ್ತಿದ್ದಾಳೆ. ಅವನ ಕಿವಿ ಬಿಸಿಯಾಯಿತು.

"ನಿಮ್ಮಪ್ಪ ನನ್ನ ಯಾವತ್ತೂ ಹಿಂಗೆ ಕೇಳ್ತಿರ್ಲಿಲ್ಲ" ಎಂದ.

"ನಿಮ್ಮ ಕೈ ಅಪ್ಪಂಗೆ ಗೊತ್ತಿತ್ತು. ನಂಗೆ ಗೊತ್ತಿಲ್ವಲ್ಲ" ಎಂದಳು. ಮಾತು ಮೆತ್ತಗಿತ್ತು, ಆದರೆ ಅಲ್ಲಾಡುವಂತಿರಲಿಲ್ಲ. ತಾನು ಆ ತಿಂಗಳು ಹೊಸೆದಿದ್ದ ಏಳು ಗಂಟಿನ ಹುರಿಯನ್ನು ತಂದು ಅವನ ಕೋಲಿಗೆ ಕಟ್ಟಿದಳು.

ತೋರಿಸಿಯೇ ಬಿಡುತ್ತೇನೆ ಎಂದು ಅವನು ಹುಲ್ಲಿನ ಮೇಲೆ ಹೋಗಿ ನಿಂತ. ಹುರಿಯನ್ನು ಹಿಂದಕ್ಕೆ ಎಸೆದ. ಕೋಲು ಬಾಗಿತು, ಏಳಲಿಲ್ಲ. ಮುಂದಕ್ಕೆ ತಂದ. ಹುರಿ ಬಿಚ್ಚಿಕೊಳ್ಳದೆ ಸುರುಳಿ ಸುರುಳಿಯಾಗಿ ಅವನ ತಲೆಯ ಮೇಲೆಯೇ ಬಿತ್ತು. ಎರಡನೆಯ ಸಲ ಇನ್ನೂ ಬಲ ಹಾಕಿದ. ಕೊರಳಿಗೆ ಸುತ್ತಿಕೊಂಡಿತು. ಇಷ್ಟು ವರ್ಷದಲ್ಲಿ ಅವನಿಗೆ ಹಾಗಾಗಿರಲಿಲ್ಲ. ಕೊರಳಿನಿಂದ ಹುರಿಯನ್ನು ಬಿಡಿಸಿಕೊಂಡ. ಅವನಿಗೆ ನಾಚಿಕೆಯಾಯಿತು. ನಾಚಿಕೆ ಅವನಿಗೆ ಅಭ್ಯಾಸವಿಲ್ಲದ್ದು, ಅದನ್ನು ಏನು ಮಾಡಬೇಕೆಂದು ಗೊತ್ತಾಗದೆ ಸಿಟ್ಟು ಮಾಡಿಕೊಂಡ.

"ಇದು ಏಳಲ್ಲ" ಎಂದ. "ಎಂಟೂವರೆ ಒಂಬತ್ತು ಇರ್ಬೇಕು. ನಿಮ್ಮಪ್ಪನ ಏಳು ಹಕ್ಕಿ ಹಾರ್ದಂಗೆ ಹಾರ್ತಿತ್ತು. ನಿನಗೆ ತೂಗೋಕ್ಕೆ ಬರಲ್ಲ. ಹೊಸೆಯೋಕ್ಕೂ ಬರಲ್ಲ!"

ಬೇರೆ ಏನು ಅಂದಿದ್ದರೂ ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಆ ಮಾತನ್ನು ಹಾಕಿಕೊಳ್ಳಲಾಗಲಿಲ್ಲ. ಒಳಗೆ ಹೋಗಿ ತಕ್ಕಡಿ ತಂದಳು. ಅವನ ಕಣ್ಣೆದುರೇ ತನ್ನ ಹುರಿಯ ಐದು ಮಾರು ಅಳೆದು ತಟ್ಟೆಗೆ ಹಾಕಿ ಗುಲಗಂಜಿ ಎಣಿಸಿದಳು. ತೊಂಬತ್ತೆಂಟು. ಏಳು ಹದಿನಾಲ್ಕಲ ತೊಂಬತ್ತೆಂಟು. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಈಗ ನಿಮ್ಮ ಹೆಗಲ ಮ್ಯಾಲಿಂದು ಕೊಡಿ" ಎಂದಳು.

ಅವನು ಕೊಟ್ಟ. ಅಪ್ಪ ಹೊಸೆದ ಹುರಿಯನ್ನು ಅವಳು ತಟ್ಟೆಗೆ ಹಾಕಿದಳು. ಎಂಬತ್ತನಾಲ್ಕು ಗುಲಗಂಜಿಗೆ ತಕ್ಕಡಿ ಸಮನಾಗಿ ನಿಂತಿತು. ಬಾಲದಲ್ಲಿ ಏಳು ಗಂಟು ಇದ್ದವು. ತೂಕ ಆರರದು.

ಅವಳು ತಪ್ಪಾಯಿತೆಂದು ಆಗಲೇ ತುಟಿ ಕಚ್ಚಿಕೊಂಡಳು. ಆದರೆ ತಕ್ಕಡಿ ನಿಂತಾಗಿತ್ತು. "ಅಪ್ಪ ಸುಳ್ಳು ಗಂಟು ಕಟ್ಟಿದ್ದು ನಿಮಗೊಬ್ರಿಗೇ ದೊಡ್ಡಪ್ಪ" ಎಂದಳು. "ಹೊಳೆ ದಡದಲ್ಲಿ ನಿಮ್ಮ ಕೈ ಸೋಲೋದ ನೋಡಿದ್ದ. ಆರು ವರ್ಷ ಕಟ್ಟಿದ. ನಾನು ಬೇಡ ಅಂತ ಜಗಳ ಆಡ್ದೆ. ಏಳು ಗಂಟು ಇಲ್ದಿದ್ರೆ ಅವ್ನು ಬದುಕಲ್ಲ ಬಿಡವ್ವ ಅಂದ."

ಗಾಳಗಾರ ಅಂಗಳದ ಕಲ್ಲಿನ ಮೇಲೆ ಕೂತ.

ಆರು ವರ್ಷ ತಾನು ಎಸೆದದ್ದು ಆರು ಎಂಬುದು ಅವನನ್ನು ಅಷ್ಟು ಸುಡಲಿಲ್ಲ. ಆರೇನು ಸಣ್ಣದಲ್ಲ. ಅವನನ್ನು ಸುಟ್ಟದ್ದು ಬೇರೆ. ವಯಸ್ಸು ವಾಪಸು ಹೋಯಿತೆಂದು ತಾನು ಮೀಸೆ ತಿರುವಿದಾಗ ಎದುರಿಗೆ ಕೂತವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ. ಅಯ್ಯೋ ಪಾಪ ಎಂದುಕೊಂಡಿದ್ದ. ಇಡೀ ಹೊಳೆಯಲ್ಲಿ ಯಾರೂ ತನ್ನನ್ನು ಪಾಪ ಎನ್ನಬಾರದೆಂದು ಬದುಕಿದವನನ್ನು ಅವನ ಗೆಳೆಯನೇ ಆರು ವರ್ಷ ಪಾಪ ಎಂದಿದ್ದ. ಬೈಯೋಣವೆಂದರೆ ಅವನನ್ನು ಸುಟ್ಟ ಬೂದಿಯೂ ಹೊಳೆಯಲ್ಲಿ ಹೋಗಿತ್ತು.

ಅವನಿಗೆ ಇನ್ನೊಂದು ದಾರಿಯಿರಲಿಲ್ಲವೆಂದು ತಿಳಿಯಬೇಡ. ಸಂತೆಯಲ್ಲಿ ಹುರಿ ಮಾರುವವರಿದ್ದರು. ಕೇಳಿದಷ್ಟು ಗಂಟು ಕಟ್ಟಿ ಕೊಡುತ್ತಿದ್ದರು. ಅಥವಾ ಹಳೆಯ ಹುರಿಗೆ ಮೇಣ ತಿಕ್ಕಿಕೊಂಡು ಇನ್ನೊಂದು ವರ್ಷ ತಳ್ಳಬಹುದಿತ್ತು. ಹುಡುಗಿ ಬಾಯಿ ಬಿಡುವವಳಲ್ಲ. ಏಳುಗಂಟಿನವರು ಏಳುಗಂಟಿನವರಾಗಿಯೇ ಇರಬಹುದಿತ್ತು. ಇದೆಲ್ಲ ಅವನ ತಲೆಗೆ ಬಂದಿತ್ತು.

ಆಮೇಲೆ ಕೇಳಿದ, "ನನ್ನ ಕೈ ನೋಡಿದ್ಯಲ್ಲ. ನಿನಗೆ ಏನು ಅನ್ನಿಸ್ತು?"

"ಐದು" ಎಂದಳು. "ಕೈಯೊಂದೇ ಅಲ್ಲ ದೊಡ್ಡಪ್ಪ. ನಿಮ್ಮ ಕೋಲೂ ಮೂವತ್ತು ವರ್ಷ ಬಾಗಿ ಬಾಗಿ ಮೆತ್ತಗಾಗೈತೆ. ಇಬ್ರಿಗೂ ಐದು ಸರಿಹೋಗ್ತದೆ."

ಆರಾದರೂ ಹೇಳಬಾರದಿತ್ತೇ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಆಡಲಿಲ್ಲ. ಗೋಡೆಯ ಗೂಟದಿಂದ ಐದು ಗಂಟಿನ ಹುರಿಯೊಂದನ್ನು ತಾನೇ ತೆಗೆದು ಕೋಲಿಗೆ ಕಟ್ಟಿದ. ಹುಲ್ಲಿನ ಮೇಲೆ ಹೋಗಿ ನಿಂತ. ಹಿಂದಕ್ಕೆ ಎಸೆದ, ಬೆನ್ನ ಹಿಂದೆ ಹುರಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದ, ಮುಂದಕ್ಕೆ ತಂದ. ಕೋಲು ಬಾಗಿತು, ಎದ್ದಿತು. ಹುರಿ ಅಂಗಳ ದಾಟಿ, ಬೇಲಿ ದಾಟಿ, ಆಚೆಯ ರಾಗಿ ಹೊಲದ ಬದುವಿನ ಮೇಲೆ ಒಂದು ಗೆರೆಯಂತೆ ಮಲಗಿತು. ಕೈಗೆ ಭಾರವೇ ತಿಳಿಯಲಿಲ್ಲ. ಅವನು ಇನ್ನೊಮ್ಮೆ ಎಸೆದ. ಮತ್ತೊಮ್ಮೆ ಎಸೆದ. ಈ ಆರು ವರ್ಷ ತಾನು ಎಸೆಯುವಾಗಲೆಲ್ಲ ಹಲ್ಲು ಕಚ್ಚಿಕೊಳ್ಳುತ್ತಿದ್ದೆ ಎಂಬುದು ಅವನಿಗೆ ಆಗ ತಿಳಿಯಿತು. ಈಗ ಬಾಯಿ ತಾನಾಗಿ ಸಡಿಲವಾಗಿತ್ತು. ಹುರಿ ಎಸೆಯುವುದರಲ್ಲಿ ಇಷ್ಟು ಸುಖವಿದೆ ಎಂಬುದನ್ನೇ ಅವನು ಮರೆತಿದ್ದ.

ಅವನು ತಿರುಗಿ ಬಂದು ಹುರಿಯ ಬಾಲವನ್ನು ನೋಡಿದ. ಐದು ಗಂಟುಗಳು ಸಣ್ಣಗೆ, ಒತ್ತೊತ್ತಾಗಿ ಇದ್ದವು. ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

"ಇವನ್ನ ಬಿಚ್ಚಿ ಮತ್ತೆ ಕಟ್ಟು" ಎಂದ. "ಐದೇ ಕಟ್ಟು. ದೂರದಿಂದ ಕಾಣೋಹಂಗೆ ದಪ್ಪಕ್ಕೆ ಕಟ್ಟು."

ನೀರು ತಿಳಿಯಾದ ಬೆಳಿಗ್ಗೆ ಎಲ್ಲರೂ ಮಡುವಿನ ಹತ್ತಿರ ಸೇರಿದರು. ಗಾಳಗಾರ ಎಂದಿನಂತೆಯೇ ಬಂದ. ಹುರಿ ಹೆಗಲ ಮೇಲಿತ್ತು, ಬಾಲ ಎದೆಯ ಮೇಲಿತ್ತು, ನಡಿಗೆ ಎಂದಿನದೇ. ಜನ ದಾರಿ ಬಿಟ್ಟರು. ದಾರಿ ಬಿಟ್ಟ ಮೇಲೆ ಗಂಟು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವನು ಹೊಳೆಮತ್ತಿಯ ಕೊಂಬೆಗೆ ಹುರಿಯ ಬಾಲವನ್ನು ತೂಗುಹಾಕಿ, ನಕ್ಕವರ ಕಡೆಗೇ ತಿರುಗಿ ನಿಂತ.

"ಎಣಿಸ್ಕೊಳ್ಳಿ" ಎಂದ. "ಐದು. ಹೋದ ಆರು ವರ್ಷ ನಾನು ಎಸ್ದಿದ್ದು ಆರು, ಏಳಲ್ಲ. ಅದು ನನಗೂ ಈ ವರ್ಷವೇ ಗೊತ್ತಾಗಿದ್ದು."

ಆರು ಗಂಟಿನ ಹುರಿಯವನೊಬ್ಬ ಅಲ್ಲಿದ್ದ. ಆರು ವರ್ಷವೂ ಗಾಳಗಾರನ ಹಿಂದೆ ಎರಡನೆಯವನಾಗಿ ನಿಂತವನು. ಗಾಳಗಾರ ಅವನ ಎದುರಿಗೆ ಹೋಗಿ, "ನಿಂದೂ ಆರು, ನಂದೂ ಆರು ಆಗಿತ್ತು. ಸರದಿ ಎಲ್ಲ ನಾನೊಬ್ನೇ ತಿಂದೆ. ಇವತ್ತು ನಿಂದು, ಎಸಿ" ಎಂದ. ಆ ಮನುಷ್ಯ ಕೋಲು ಎತ್ತಿಕೊಂಡ. ಸಂಕೋಚದಿಂದ ಹೋಗಿ ಎಸೆದ. ಸಂಕೋಚದಿಂದ ಎಸೆದದ್ದರಿಂದ ಚೆನ್ನಾಗಿ ಬೀಳಲಿಲ್ಲ.

ಗಾಳಗಾರನ ಸರದಿ ನಾಲ್ಕನೆಯದಾಗಿ ಬಂತು. ಆ ಹೊತ್ತಿಗೆ ಮೂರು ಹುರಿಗಳು ಬಿದ್ದು ಮಡುವಿನ ಮೀನಿಗೆ ಎಲ್ಲ ಗೊತ್ತಾಗಿತ್ತು. ಅವನು ನೀರಿಗಿಳಿದು ಮೊಣಕಾಲುದ್ದ ನಿಂತ. ಮಡುವಿನ ಆಚೆ ಬಂಡೆಯೊಂದರ ಕೆಳಗೆ ನೆರಳಿನ ಜಾಗವಿದೆ. ದೊಡ್ಡ ಮೀನು ಅಲ್ಲಿ ಮಲಗುತ್ತದೆಂದು ಎಲ್ಲರಿಗೂ ಗೊತ್ತು. ಅಲ್ಲಿಗೆ ಗರಿ ಮುಟ್ಟಿಸಬೇಕಾದರೆ ಹುರಿ ಬಂಡೆಗೆ ತಾಗದೆ, ನೀರಿಗೆ ಬಡಿಯದೆ, ಒಂದು ಗೇಣು ಎತ್ತರದಲ್ಲಿ ನುಗ್ಗಬೇಕು. ಭಾರದ ಹುರಿ ಅಲ್ಲಿ ಸದ್ದು ಮಾಡುತ್ತದೆ. ಏಳು ಗಂಟಿನವನಾಗಿದ್ದಾಗ ಅವನು ಆ ಜಾಗಕ್ಕೆ ಎಂದೂ ಎಸೆದಿರಲಿಲ್ಲ.

ಆ ದಿನ ಎಸೆದ. ಗರಿ ಬಂಡೆಯ ಕೆಳಗೆ ಹೋಗಿ ಕೂತಿತು. ನೀರು ಅಲ್ಲಾಡಲಿಲ್ಲ. ದಡದಲ್ಲಿ ನಗುತ್ತಿದ್ದವರ ಬಾಯಿ ಹಾಗೇ ನಿಂತಿತು.

ಮೀನು ಬಿತ್ತೇ ಎಂದು ನೀನು ಕೇಳುತ್ತೀಯ, ನಿನ್ನ ಮುಖದಲ್ಲೇ ಕಾಣುತ್ತಿದೆ. ಮೀನಿನ ಹೆಸರೆತ್ತದ ಮನೆಯವನಿಗೂ ಆಸೆ ನೋಡು! ಬಂಡೆಯ ಕೆಳಗಿನ ದೊಡ್ಡದು ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡು ಸಣ್ಣವು ಸಿಕ್ಕವು. ಒಂದನ್ನು ಹುರಿಗಾರನ ಮಗಳಿಗೆ ಕೊಟ್ಟು ಮನೆಗೆ ಹೋದ.

ಜನ ಅವನನ್ನು ಆಮೇಲೂ ಏಳುಗಂಟಿನವರೆಂದೇ ಕರೆದರು. ಮೂವತ್ತು ವರ್ಷದ ರೂಢಿ, ನಾಲಗೆ ಕೇಳಬೇಕಲ್ಲ. ಕರೆದಾಗಲೆಲ್ಲ ಅವನು ನಿಂತು, ಬಾಲವನ್ನು ಎತ್ತಿ ತೋರಿಸಿ, "ಐದು" ಎಂದು ತಿದ್ದುತ್ತಿದ್ದ. ಆ ತಿದ್ದುವಿಕೆಯಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ, ಏಳು ಗಂಟು ಹೊತ್ತು ತಿರುಗಿದ ದಿನಗಳಲ್ಲೂ ಅಷ್ಟು ಇರಲಿಲ್ಲ.

ಗುರುಗಳು ಕತೆ ಮುಗಿಸಿದರು.

ಶೇಷಾದ್ರಿ ಕತೆಯನ್ನು ಮನಸ್ಸಿಟ್ಟೇ ಕೇಳಿದ್ದ. ಗಾಳಗಾರನ ಮೇಲೆ ಅವನಿಗೆ ಪ್ರೀತಿಯೂ ಹುಟ್ಟಿತ್ತು. ಆದರೆ ಕತೆ ತನ್ನದಲ್ಲವೆಂದು ಅವನಿಗೆ ಖಚಿತವಾಗಿತ್ತು. ಗಾಳಗಾರನಿಗೆ ವಯಸ್ಸಾಗಿತ್ತು. ತನಗೆ ಇಪ್ಪತ್ತಾರು. ಗಾಳಗಾರನ ಏಳು ಸುಳ್ಳು. ತನ್ನ ಮೂವತ್ತು ಸುತ್ತು ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಬೆನ್ನು ಬಗ್ಗಿಸದೆ ಕೂತು ಮಾಡಿದ್ದು. ಅರವತ್ತರ ಅಪ್ಪಣೆ ಈಗ ಸಿಗುತ್ತದೆಂದು ಅವನು ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡ.

"ಒಳ್ಳೆಯ ಮನುಷ್ಯ ಗುರುಗಳೇ. ಆದರೂ ಎಂಥ ಮಂಕು!" ಎಂದು ನಕ್ಕ. "ಆರು ವರ್ಷ ತನ್ನ ಕೈಯಲ್ಲೇ ಹಿಡಿದ ಹುರಿ. ಒಂದೇ ಒಂದು ಸಲ ತೂಗಿ ನೋಡೋಣವೆಂದು ಅವನಿಗೆ ಅನ್ನಿಸಲಿಲ್ಲವೇ?"

ಗುರುಗಳು ನಗಲಿಲ್ಲ. ಅವನ ಮುಖವನ್ನು ನೋಡಿ ಹೇಳಿದರು:

"ನಾನು ಪೋಣಿಸಿ ಕೊಟ್ಟ ಜಪಮಾಲೆಯ ಮಣಿಗಳನ್ನು ನೀನು ಎಷ್ಟು ಸಲ ಎಣಿಸಿ ನೋಡಿದ್ದೀಯ, ಶೇಷಾದ್ರಿ?"